ಉಜ್ಜೋದು ಸಾಕು ಬಿಡಿ ಅಕ್ಕ

ನಮ್ಮ ಕಡೆಯ ಹೆಂಗಸರಿಗೆ ದೇವರ ಮೇಲಿನ ನಂಬಿಕೆ ಕಡಿಮೆಯಾದರೂ ಆದೀತು, ಉಜ್ಜುವುದರ ಮೇಲಿನ ನಂಬಿಕೆ ಕಡಿಮೆಯಾಗುವುದಿಲ್ಲ. ಹೊಸಿಲು ಉಜ್ಜುತ್ತೇವೆ, ಹಂಡೆ ಉಜ್ಜುತ್ತೇವೆ, ಅಂಗಿಯ ಕಾಲರನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಬಟ್ಟೆ ಹರಿಯುವವರೆಗೆ ಉಜ್ಜಿ, ಕೊಳೆ ಹೋಯಿತೆಂದು ಸಮಾಧಾನಪಡುತ್ತೇವೆ. ಅಷ್ಟು ಹೊತ್ತಿಗೆ ಮಕ್ಕಳು ಯಾರಾದರೂ ಕೈಗೆ ಸಿಕ್ಕರೆ ಅವರನ್ನೂ ಉಜ್ಜುತ್ತೇವೆ. ನರಕಚತುರ್ದಶಿಯ ನಸುಕಿನಲ್ಲಿ ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಬಚ್ಚಲಿನ ಮಣೆಯ ಮೇಲೆ ಕೂತು, ಸೀಗೆಪುಡಿಯೋ ಚಿಗರೆಪುಡಿಯೋ ಕಣ್ಣಿಗೆ ಬಿದ್ದು ಬೊಬ್ಬೆ ಹೊಡೆಯುತ್ತಾ, ಹೀರೆಕಾಯಿ ನಾರಿನಲ್ಲಿ ಮಂಡಿ, ಮೊಣಕೈ, ಕತ್ತಿನ ಹಿಂಭಾಗವನ್ನೆಲ್ಲ ಕೆಂಪಗಾಗುವಷ್ಟು ತಿಕ್ಕಿಸಿಕೊಳ್ಳದೆ ದೊಡ್ಡವರಾದವರು ನನ್ನ ವಯಸ್ಸಿನವರಲ್ಲಿ ಸಿಗುವುದು ಕಷ್ಟ. ಹೀಗೆ ಬೆಳೆದವರಿಗೆ, ಮೈ ತರಿತರಿಯಾಗಿದೆ ಎಂದರೆ ತೋಚುವ ಕಾರಣ ಒಂದೇ. ಸರಿಯಾಗಿ ಉಜ್ಜಿಲ್ಲ.

ಪಕ್ಕದ ಮನೆ ಅಕ್ಕನದೂ ಇದೇ ಸಿದ್ಧಾಂತ. ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅವರ ಕರಿಬೇವು ಅರ್ಧ ಈ ಕಡೆ ಬಾಗಿದೆ, ನಮ್ಮ ದಾಸವಾಳ ಅರ್ಧ ಆ ಕಡೆ. ಹೂವು ಕೀಳುವ ನೆಪದಲ್ಲಿ ಅವರು, ಒಗ್ಗರಣೆಗೆ ಎರಡೆಸಳು ಕರಿಬೇವು ಮುರಿಯುವ ನೆಪದಲ್ಲಿ ನಾನು, ದಿನಾ ಬೆಳಗ್ಗೆ ಅಲ್ಲಿ ಸೇರುತ್ತೇವೆ. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಮಾತು ನಿಲ್ಲುವುದಿಲ್ಲ.

"ಕೇಳ್ದೇನೇ, ಪುಟ್ಟಿಗೆ ಚಿಕನ್ ಸ್ಕಿನ್ ಅಂತೆ!" ಅಂದರು ಅಕ್ಕ, ಮೊನ್ನೆ ಚಳಿಯಲ್ಲಿ ಶಾಲು ಹೊದ್ದು ಬಂದು. "ನಾವು ಮೊಟ್ಟೆ ಕೂಡ ಮುಟ್ಟೋರಲ್ಲ. ನಮ್ಮ ಮನೆ ಹುಡುಗಿಗೆ ಕೋಳಿ ಚರ್ಮ ಎಲ್ಲಿಂದ ಬಂತು?"

ವಿಷಯ ಏನಪ್ಪ ಅಂದರೆ, ಪುಟ್ಟಿಯ ಮದುವೆ ಮಾಘಮಾಸದಲ್ಲಿ. ಬ್ಲೌಸಿಗೆ ಗಿಡ್ಡ ತೋಳೇ ಬೇಕೆಂದು ಹುಡುಗಿಯ ಹಟ. ಮದುವೆ ಹೆಣ್ಣಿನ ಪ್ಯಾಕೇಜ್ ವಿಚಾರಿಸೋಣ ಅಂತ ತಾಯಿ ಮಗಳು ಪಾರ್ಲರಿಗೆ ಹೋಗಿದ್ದಾರೆ. ಅಲ್ಲಿಯ ಹುಡುಗಿ ಪುಟ್ಟಿಯ ತೋಳಿನ ಹೊರಬದಿ ಸವರಿ ನೋಡಿ, ಮುಖ ಸಪ್ಪೆ ಮಾಡಿ, "ಆಂಟಿ, ಇದು ಚಿಕನ್ ಸ್ಕಿನ್. ಫೋಟೋದಲ್ಲಿ ಎದ್ದು ಕಾಣುತ್ತೆ. ಆರು ಸಿಟ್ಟಿಂಗ್ ಬಾಡಿ ಪಾಲಿಶಿಂಗ್, ಕೊನೇಲಿ ಒಂದು ಪೀಲ್ ತಗೊಂಡ್ರೆ ಬೆಣ್ಣೆ ಥರ ಆಗುತ್ತೆ" ಅಂದಳಂತೆ. ಅಕ್ಕ ಅಲ್ಲೇ ಅಡ್ವಾನ್ಸ್ ಕೊಟ್ಟು ರಸೀತಿ ಇಸ್ಕೊಂಡು ಬಂದಿದ್ದಾರೆ. ಜೊತೆಗೆ, ಸಿಟ್ಟಿಂಗ್ ಶುರುವಾಗುವ ತನಕ ಸುಮ್ಮನೆ ಕೂರುವುದೇಕೆಂದು ಮನೆಯಲ್ಲೇ ಕಡಲೆಹಿಟ್ಟಿಗೆ ಕಲ್ಲುಪ್ಪಿನ ಪುಡಿ ಸೇರಿಸಿ ದಿನಾ ಉಜ್ಜಲು ಶುರುಮಾಡಿದ್ದಾರೆ.

"ಏನಾದ್ರೂ ಕಡಿಮೆ ಆಯ್ತಾ ಅಕ್ಕ?"

"ಕೆಂಪಗಾಯ್ತು. ಕೆಂಪಗಾದ್ರೆ ಒಳಗಿನ ಕೊಳೆ ಹೊರಗೆ ಬರ್ತಿದೆ ಅಂತ ಅರ್ಥ ತಾನೆ?"

ನನ್ನ ನಾದಿನಿಯ ಮಗಳು ಚರ್ಮದ ಡಾಕ್ಟರು. ಹಬ್ಬಕ್ಕೆ ಬಂದರೆ ಒಬ್ಬಟ್ಟು ತಟ್ಟುತ್ತಲೇ ಪಾಠ ಹೇಳುವ ಹುಡುಗಿ. ಅವಳಿಂದ ಕೇಳಿಸಿಕೊಂಡದ್ದನ್ನು ಕಾಂಪೌಂಡಿನ ಈಚೆಯಿಂದ ಆಚೆಗೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು.

"ಅಕ್ಕ, ಅದು ಕೊಳೆ ಅಲ್ಲ. ನಿಮ್ಮ ಹತ್ರ ಪಂಚಾಂಗ ಓದೋ ಭೂತಗನ್ನಡಿ ಇದೆಯಲ್ಲ, ತಗೊಂಡು ಬನ್ನಿ. ಪುಟ್ಟೀನೂ ಕರೀರಿ."

ಪುಟ್ಟಿ ಹಲ್ಲುಜ್ಜುತ್ತಿದ್ದವಳು ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ಬಂದಳು. ತೋಳನ್ನು ಕಾಂಪೌಂಡಿನ ಮೇಲೆ ಚಾಚಿಸಿ, ಎಳೆಬಿಸಿಲಿಗೆ ಹಿಡಿದು, ಮೂವರೂ ಬಗ್ಗಿ ನೋಡಿದೆವು. ಭುಜದಿಂದ ಮೊಣಕೈವರೆಗೆ ಹೊರಬದಿಯಲ್ಲಿ ಮಾತ್ರ ಗುಳ್ಳೆಗಳು, ಒಳಬದಿ ನುಣ್ಣಗಿದೆ. ಒಂದೊಂದು ಗುಳ್ಳೆಯೂ ಒಂದೊಂದು ಕೂದಲಿನ ಬುಡದಲ್ಲೇ ಕೂತಿದೆ, ಬೇರೆಲ್ಲೂ ಇಲ್ಲ. ಗುಳ್ಳೆಯ ನೆತ್ತಿಯಲ್ಲಿ ರವೆಯಷ್ಟು ಬಿಳಿ ಕಾಳು. ಸುತ್ತ ತೆಳುವಾದ ಕೆಂಪು ವರ್ತುಲ. ಒಂದೆರಡರಲ್ಲಿ ಹೊರಗೆ ಬರಲು ದಾರಿಯಿಲ್ಲದ ಕೂದಲು ಚರ್ಮದಡಿಯೇ ಸುರುಳಿ ಸುತ್ತಿಕೊಂಡು ಕಪ್ಪಗೆ ಕಾಣುತ್ತಿತ್ತು. ಕಲ್ಲುಪ್ಪು ಬಿದ್ದ ಕಡೆ ಗೀರುಗಳೂ ಇದ್ದವು. ಅದನ್ನು ಅಕ್ಕ ನೋಡಿಯೂ ನೋಡದವರಂತಿದ್ದರು.

"ಇದಕ್ಕೆ ಕೆರಟೋಸಿಸ್ ಪಿಲಾರಿಸ್ ಅಂತಾರಂತೆ. ಉಗುರು, ಕೂದಲು, ಚರ್ಮದ ಮೇಲ್ಪದರ ಎಲ್ಲ ಕೆರಾಟಿನ್ ಅನ್ನೋ ಪ್ರೋಟೀನಿಂದ ಆಗಿರೋದು. ಕೆಲವರಿಗೆ ಅದು ಕೂದಲಿನ ರಂಧ್ರದ ಬಾಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸೇರ್ಕೊಂಡು ಗಟ್ಟಿಯಾಗಿ ಕೂತ್ಬಿಡುತ್ತೆ. ತೋಳು, ತೊಡೆ, ಕೆಲವು ಮಕ್ಕಳಿಗೆ ಕೆನ್ನೆ. ಅಂಟುರೋಗ ಅಲ್ಲ, ಕೊಳಕಿನಿಂದ ಬಂದದ್ದಲ್ಲ, ತಿಂದದ್ದು ಹೆಚ್ಚುಕಡಿಮೆಯಾಗಿ ಬಂದದ್ದೂ ಅಲ್ಲ. ರಕ್ತದಲ್ಲಿ ಬಂದದ್ದು."

"ರಕ್ತದಲ್ಲಿ ಅಂದ್ರೆ? ನಮ್ಮ ಕಡೆಯಿಂದಲೋ, ಅವರಪ್ಪನ ಕಡೆಯಿಂದಲೋ?"

ಸಂಸಾರದ ಬಹುಪಾಲು ಜಗಳಗಳ ಮೂಲಪ್ರಶ್ನೆ ಇದು. ನಾನು ಬಾಯಿಬಿಡದೆ ಅಕ್ಕನ ಶಾಲಿನ ತುದಿ ಸರಿಸಿ, ಅವರ ತೋಳಿನ ಮೇಲೆಯೇ ಕೈಯಾಡಿಸಿದೆ. ವಯಸ್ಸಾದ ಮೇಲೆ ಇದು ಹೆಚ್ಚಿನವರಲ್ಲಿ ತಗ್ಗುತ್ತದೆ. ಆದರೂ ಭುಜದ ಹತ್ತಿರ ಗುರುತು ಉಳಿದಿತ್ತು.

"ಆಂಟಿ, ಅಮ್ಮಂದೇ!" ಅಂತ ಪುಟ್ಟಿ ಬಾಯಿತುಂಬ ನೊರೆ ಇಟ್ಟುಕೊಂಡೇ ನಕ್ಕಳು. ಅಪ್ಪನ ಕಡೆಯವರು ಅಂದು ಒಂದು ಆಪಾದನೆಯಿಂದ ಪಾರಾದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ದೊಡ್ಡೋರಲ್ಲಿ ಶೇಕಡಾ 40ರಷ್ಟು ಜನಕ್ಕೆ ಇದು ಇರುತ್ತೆ ಅಂತ ಡಾಕ್ಟರುಗಳ ಪುಸ್ತಕದಲ್ಲಿ ಬರೆದಿದೆಯಂತೆ. ಹದಿಹರೆಯದವರಲ್ಲಿ ಶೇ 50ರಿಂದ 80. ನಿಮ್ಮ ಛತ್ರಕ್ಕೆ 500 ಜನ ದೊಡ್ಡೋರು ಊಟಕ್ಕೆ ಬರ್ತಾರೆ ಅಂದ್ರೆ, ಅವರಲ್ಲಿ 200 ಜನ ಇದೇ ತೋಳನ್ನ ಜರಿ ಸೀರೆ, ಸೂಟಿನ ಒಳಗೆ ಮುಚ್ಕೊಂಡು ಬಂದಿರ್ತಾರೆ."

ಈ ಲೆಕ್ಕ ಅಕ್ಕನಿಗೆ ಹಿಡಿಸಿತು. 200 ಜನ ಯಾರಿರಬಹುದೆಂದು ಆಗಲೇ ಮನಸ್ಸಿನಲ್ಲಿ ಪಟ್ಟಿ ಮಾಡುತ್ತಿದ್ದ ಹಾಗಿತ್ತು. ಆಮೇಲೆ ಏನೋ ನೆನಪಾಗಿ, "ಅಲ್ಲ ಕಣೇ, ನಾವು ಸ್ಕೂಲಲ್ಲಿದ್ದಾಗ ಎಷ್ಟೋ ಮಕ್ಕಳಿಗೆ ಮೊಣಕೈ ಮಂಡಿ ಎಲ್ಲ ಮುಳ್ಳುಮುಳ್ಳಾಗಿರ್ತಿತ್ತು. ಸ್ನಾನ ಮಾಡಲ್ವೇನೋ ಅಂತ ಮೇಷ್ಟ್ರು ಬೆತ್ತ ತಗೋತಿದ್ರು. ಅದೂ ಇದೇನಾ?" ಅಂದರು.

ಪ್ರಶ್ನೆ ಒಳ್ಳೆಯದೇ. ಅದು ಬೇರೆ. ಅದಕ್ಕೆ ಫ್ರೈನೋಡರ್ಮ ಎಂದು ಹೆಸರು, ಅಂದರೆ ನೆಲಗಪ್ಪೆಯ ಚರ್ಮ. ಲೂಸಿಯಸ್ ನಿಕೋಲ್ಸ್ ಎಂಬ ವೈದ್ಯ 1933ರಲ್ಲಿ ಆಫ್ರಿಕಾದ ಕೂಲಿಗಳಲ್ಲಿ ಇದನ್ನು ಕಂಡು ವರ್ಣಿಸಿದ. ಅದೇ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದವರು ದಕ್ಷಿಣ ಭಾರತದ ಶಾಲಾಮಕ್ಕಳನ್ನು ಪರೀಕ್ಷಿಸುವಾಗ ಇಂಥ ಚರ್ಮವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಮೊದಮೊದಲು ಎ ವಿಟಮಿನ್ ಕೊರತೆಯೊಂದೇ ಕಾರಣ ಅಂದುಕೊಂಡಿದ್ದರು. ಆಮೇಲೆ ಎಣ್ಣೆಯಲ್ಲಿರುವ ಅಗತ್ಯ ಕೊಬ್ಬಿನಾಂಶ, ಬಿ ಗುಂಪಿನ ವಿಟಮಿನ್‌ಗಳ ಕೊರತೆಯೂ ಸೇರಿದೆ ಎಂದು ತಿಳಿಯಿತು. ಆ ಮಕ್ಕಳಿಗೆ ಬೇಕಾಗಿದ್ದದ್ದು ಹೊಟ್ಟೆತುಂಬ ಊಟ, ಸೊಪ್ಪು, ಒಂದಿಷ್ಟು ಎಣ್ಣೆ ತುಪ್ಪ. ಸಿಕ್ಕಿದ್ದು ಬೆತ್ತದೇಟು ಮತ್ತು ಇಟ್ಟಿಗೆ ಚೂರಿನಲ್ಲಿ ತಿಕ್ಕಿಸಿಕೊಳ್ಳುವ ಭಾಗ್ಯ.

"ಅಯ್ಯೋ ಪಾಪ" ಅಂದರು ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆದರೆ ಅಡ್ವಾನ್ಸ್ ಕೊಟ್ಟವರಿಗೆ ಸುಮ್ಮನಿರಲು ಎಷ್ಟು ಹೊತ್ತು ಸಾಧ್ಯ? "ಸರಿ, ಮನೇಲಿ ಉಜ್ಜೋದು ಬೇಡ. ಪಾರ್ಲರಿನೋರು ಮಿಶಿನ್ನಲ್ಲಿ ಉಜ್ತಾರಲ್ಲ, ಅದಾಗುತ್ತೋ ಇಲ್ವೋ?"

ಪಾಲಿಶಿಂಗ್ ಎಂದರೆ ಹೆಚ್ಚಿನ ಕಡೆ ಸಕ್ಕರೆಯೋ ಉಪ್ಪೋ ಹಾಕಿದ ಸ್ಕ್ರಬ್, ಎಣ್ಣೆ, ಹಬೆ. ಮಿಶಿನ್ ಎಂದರೆ ಮೈಕ್ರೋಡರ್ಮಾಬ್ರೇಶನ್. 1985ರಲ್ಲಿ ಇಟಲಿಯಲ್ಲಿ ಹುಟ್ಟಿದ್ದು. ಚಾಕುವಿಗೆ ಸಾಣೆ ಹಿಡಿಯುವ ಚಕ್ರಗಳಲ್ಲಿರುವ ಅಲ್ಯೂಮಿನಿಯಂ ಆಕ್ಸೈಡನ್ನೇ ನುಣ್ಣನೆಯ ಹರಳುಗಳಾಗಿ ಚರ್ಮದ ಮೇಲೆ ಹಾರಿಸಿ, ಉದುರಿದ ಪುಡಿಯನ್ನೆಲ್ಲ ಅದೇ ಕೊಳವೆಯಿಂದ ಹೀರಿಕೊಳ್ಳುವ ಉಪಾಯ. ಈಗ ಹರಳಿನ ಬದಲು ವಜ್ರದ ಚೂರು ಕೂರಿಸಿದ ತುದಿಯೂ ಬಂದಿದೆ. ಎರಡೂ ಸತ್ತ ಮೇಲ್ಪದರವನ್ನು ಸವೆಸುತ್ತವೆ. ಅವತ್ತು ಸಂಜೆ ಕೈಯಾಡಿಸಿದರೆ ನಿಜಕ್ಕೂ ನುಣುಪು. ಆದರೆ ರಂಧ್ರದ ಬಾಯಲ್ಲಿ ಕೆರಾಟಿನ್ ಸೇರಿಕೊಳ್ಳುವ ಗುಣ ಎಲ್ಲಿಗೂ ಹೋಗಿರುವುದಿಲ್ಲ. ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ತಾನಾಗಿಯೇ ಹೊಸದಾಗುತ್ತದೆ. ಹೊಸದರ ಜೊತೆಗೆ ಹೊಸ ಕಾಳುಗಳೂ ಹಾಜರು. ಅದಕ್ಕೇ ಪಾರ್ಲರಿನಲ್ಲಿ ಸಿಟ್ಟಿಂಗ್ ಮುಗಿಯುವುದೇ ಇಲ್ಲ.

"ಹಾಗಾದ್ರೆ ಪೀಲ್?"

"ಪೀಲ್ ಉಜ್ಜೋದಲ್ಲ ಅಕ್ಕ, ಕರಗಿಸೋದು. ನೀವು ಹಿತ್ತಾಳೆ ಚೊಂಬಿಗೆ ಹುಣಿಸೆಹಣ್ಣು ಬಳೀತೀರಲ್ಲ, ಅಲ್ಲಿ ಕೆಲಸ ಮಾಡೋದು ನಿಮ್ಮ ಕೈಬಲವೋ, ಹುಳಿಯೋ?"

"ಹುಳೀನೇ. ಬಳಿದು ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಬಿಡುತ್ತೆ."

"ಅದೇ ಪೀಲು."

ಹುಣಿಸೆಯ ಹುಳಿ ಟಾರ್ಟಾರಿಕ್ ಆಸಿಡ್. ಮೊಸರಿನ ಹುಳಿ ಲ್ಯಾಕ್ಟಿಕ್ ಆಸಿಡ್. ಕಬ್ಬಿನಲ್ಲಿ ಗ್ಲೈಕಾಲಿಕ್ ಆಸಿಡ್ ಇದೆ. ಈ ಬಳಗದಲ್ಲಿ ಎಲ್ಲಕ್ಕಿಂತ ಚಿಕ್ಕ ಅಣು ಅದರದ್ದಾದ್ದರಿಂದ ಚರ್ಮದೊಳಕ್ಕೆ ಬೇಗ ಇಳಿಯುತ್ತದೆ. ಇವುಗಳನ್ನು ಚರ್ಮದ ಔಷಧಿಯಾಗಿ ಮುನ್ನೆಲೆಗೆ ತಂದವರು ಅಮೆರಿಕದ ಫಿಲಡೆಲ್ಫಿಯಾದ ಇಬ್ಬರು, ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯೂ. ಅವರು 1974ರಲ್ಲಿ ಪ್ರಕಟಿಸಿದ್ದು ಸೌಂದರ್ಯದ ವಿಚಾರವನ್ನಲ್ಲ. ಮೈಯೆಲ್ಲ ಮೀನಿನ ಹುರುಪೆಯ ಹಾಗೆ ಒಡೆಯುವ ಇಕ್ತಿಯೋಸಿಸ್ ರೋಗಿಗಳಿಗೆ ಈ ಹುಳಿಗಳನ್ನು ಹಚ್ಚಿ ಕಂಡ ಫಲವನ್ನು. ಸ್ಯಾಲಿಸಿಲಿಕ್ ಆಸಿಡ್ಡಿನ ಕಥೆ ಇನ್ನೂ ಹಳೆಯದು. ಜರ್ಮನಿಯ ಹ್ಯಾಂಬರ್ಗಿನ ಪೌಲ್ ಉನ್ನಾ 1882ರಲ್ಲೇ ಅದು ಚರ್ಮದ ಮೇಲೆ ಏನು ಮಾಡುತ್ತದೆಂದು ಬರೆದಿಟ್ಟಿದ್ದ. ಅದು ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಸಲೀಸಾಗಿ ನುಗ್ಗುತ್ತದೆ.

"ಹಾಗಾದ್ರೆ ಮೊಸರು ಬಳಿದ್ರೆ ಆಯ್ತು. ಪ್ಯಾಕೇಜ್ ಯಾಕೆ?" ಅಕ್ಕನ ಬುದ್ಧಿ ಉಳಿತಾಯದ ಕಡೆಗೆ ಹೊರಳಿದರೆ ತಡೆಯುವವರಿಲ್ಲ.

"ಮೊಸರಲ್ಲಿ ಲ್ಯಾಕ್ಟಿಕ್ ಆಸಿಡ್ ಇರೋದು ಶೇಕಡಾ ಒಂದರ ಆಸುಪಾಸು. ಡಾಕ್ಟರು ಬರೆದುಕೊಡೋ ಕ್ರೀಮಲ್ಲಿ ಶೇ 10, 12. ಮೊಸರನ್ನ ಅನ್ನಕ್ಕೆ ಇಟ್ಕೊಳ್ಳಿ."

"ನಿಂಬೆಹಣ್ಣು?"

"ಅದು ಮಾತ್ರ ಬೇಡವೇ ಬೇಡ. ನಿಂಬೆರಸ ಮೈಮೇಲಿದ್ದು ಬಿಸಿಲಿಗೆ ಹೋದ್ರೆ ಸುಟ್ಟ ಹಾಗೆ ಬೊಕ್ಕೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತೆ."

ಪೀಲ್ ಮಾಡುವುದನ್ನು ನಮ್ಮ ಡಾಕ್ಟರಮ್ಮ ವರ್ಣಿಸಿದ್ದು ಹೀಗೆ. ಮೊದಲು ತೋಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಜಿಡ್ಡು ತೆಗೆಯುತ್ತಾರೆ. ಗೀರು, ಗಾಯ, ಮಡಿಕೆ ಇದ್ದ ಕಡೆ ವ್ಯಾಸಲೀನ್ ಹಚ್ಚಿ ಕಾಪಾಡುತ್ತಾರೆ. ಆಮೇಲೆ ಬ್ರಶ್ಶಿನಲ್ಲೋ ಹತ್ತಿಯಲ್ಲೋ ಒಂದೇ ಸಮನಾಗಿ ಆಸಿಡ್ ಬಳಿದು, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಉರಿ ಶುರುವಾಗುತ್ತದೆ, ಚಿಕ್ಕ ಫ್ಯಾನ್ ಹಿಡಿಯುತ್ತಾರೆ. ಗ್ಲೈಕಾಲಿಕ್ ಆದರೆ ಹೊತ್ತು ಮುಗಿದ ಕೂಡಲೇ ಸೋಡಾ ಬೆರೆಸಿದ ನೀರಿನಿಂದ ಅದರ ಆಟ ನಿಲ್ಲಿಸಬೇಕು. ಮರೆತರೆ ಅದು ತಾನಾಗಿ ನಿಲ್ಲುವುದಿಲ್ಲ. ಸ್ಯಾಲಿಸಿಲಿಕ್ ಆದರೆ ದ್ರವ ಆರಿ ಚರ್ಮದ ಮೇಲೆ ಬಿಳಿ ಪುಡಿ ಕೂರುತ್ತದೆ. ನೋಡಿದವರಿಗೆ ಚರ್ಮವೇ ಬೆಳ್ಳಗಾಯಿತೆಂದು ಗಾಬರಿ. ಆದರೆ ಅದು ಬರೀ ಆಸಿಡ್ಡಿನ ಹರಳು, ಒರೆಸಿದರೆ ಹೋಗುತ್ತದೆ. ಎರಡು ಮೂರು ದಿನಕ್ಕೆ ತೆಳ್ಳಗೆ ಹೊಟ್ಟು ಏಳುತ್ತದೆ. ಅದನ್ನು ಕೀಳಬಾರದು. ಹೀಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕೆಲವು ಸಲ.

ಇಷ್ಟೇ ಅಲ್ಲ. ಮುಖವಾದರೆ ಅಂಗೈಯಗಲದ ಜಾಗ. ತೋಳು, ತೊಡೆ, ಬೆನ್ನು ಅಂತ ಒಂದೇ ದಿನ ಇಡೀ ಮೈಗೆ ಸ್ಯಾಲಿಸಿಲಿಕ್ ಬಳಿದರೆ ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ತಲೆ ಸುತ್ತುವುದು, ಕಿವಿಯಲ್ಲಿ ಗುಂಯ್‌ಗುಡುವುದು ಶುರುವಾಗಬಹುದು. ಬಸುರಿಯರಿಗಂತೂ ಕೂಡದು. ವ್ಯಾಕ್ಸಿಂಗ್ ಮಾಡಿಸಿ ಕಿತ್ತ ರೋಮದ ರಂಧ್ರ ಇನ್ನೂ ಬಾಯಿ ತೆರೆದಿರುವಾಗ ಪೀಲ್ ಕೂಡದು. ಇದನ್ನೆಲ್ಲ ಕೇಳಿ ತಿಳಿದು ಮಾಡುವವರು ಬೇಕು. ಭಾರತದ ಚರ್ಮವೈದ್ಯರ ಸಂಘ 2008ರಲ್ಲೇ ಪೀಲ್ ಯಾರು ಮಾಡಬೇಕು, ಹೇಗೆ ಮಾಡಬೇಕು ಎಂದು ಮಾರ್ಗಸೂಚಿ ಬರೆದಿಟ್ಟದ್ದು ಸುಮ್ಮನೆ ಅಲ್ಲ.

"ಪಾರ್ಲರಿನೋಳು ಶೇ 30 ಆಸಿಡ್ಡು, ಸ್ಟ್ರಾಂಗ್ ಆಗಿದೆ ಅಂತ ಹೆಮ್ಮೇಲಿ ಹೇಳಿದಳಲ್ಲೇ?"

"ಶೇಕಡಾ ಅರ್ಧ ಮಾತು ಅಕ್ಕ. ಇನ್ನರ್ಧ ಪಿಹೆಚ್ಚು. ಅದು ಇಳಿದಷ್ಟೂ ಹುಳಿ ಉಗ್ರ. ಎರಡು ಬಾಟ್ಲಿ ಮೇಲೂ ಶೇ 30 ಅಂತ ಇದ್ರೂ ಒಂದು ಚುರುಗುಟ್ಟುತ್ತೆ, ಇನ್ನೊಂದು ಸುಡುತ್ತೆ. ಗ್ಲೈಕಾಲಿಕ್ ಆದ್ರೆ ಮನೇಲಿ ಹಚ್ಚೋಕೆ ಶೇ 10ರ ಒಳಗೆ, ಪಿಹೆಚ್ 3.5ಕ್ಕಿಂತ ಕೆಳಗಿಳೀಬಾರದು, ತರಬೇತಾದ ಪಾರ್ಲರಿನೋರ ಕೈಲಿ ಶೇ 30ರ ಒಳಗೆ, ಪಿಹೆಚ್ 3ಕ್ಕಿಂತ ಕೆಳಗೆ ಬೇಡ ಅಂತ ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ತಜ್ಞರ ಸಮಿತಿ ಹೇಳಿದೆಯಂತೆ. ಅದಕ್ಕಿಂತ ಮೇಲಿನದ್ದು ಡಾಕ್ಟರ ಕೆಲಸ. ನಿಮ್ಮ ಪಾರ್ಲರಿನೋಳನ್ನ ಪಿಹೆಚ್ ಎಷ್ಟು ಅಂತ ಕೇಳಿ ನೋಡಿ."

ಅಕ್ಕ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಪಾರ್ಲರಿನಲ್ಲಿ ಮರೆಯದೆ ಕೇಳಬೇಕಾದ್ದಕ್ಕೆ ಗುರುತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಬಾಕಿ ಇತ್ತು. ನಮ್ಮಂಥ ಗೋಧಿಬಣ್ಣ, ಎಣ್ಣೆಗೆಂಪು, ಕಪ್ಪು ಚರ್ಮದವರಿಗೆ ಗಾಯವಾದರೆ, ಸುಟ್ಟರೆ, ಕೆರೆದರೆ ಅಲ್ಲಿ ಕಪ್ಪು ಕಲೆ ಕೂರುತ್ತದೆ. ಬಿಳಿಯರ ಚರ್ಮ ಕೆಂಪಾಗಿ ಸುಮ್ಮನಾಗುವ ಕಡೆ ನಮ್ಮದು ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮುಟ್ಟಿದರಷ್ಟೇ ಗೊತ್ತಾಗುತ್ತಿದ್ದ ಗುಳ್ಳೆಗಳನ್ನು ತೆಗೆಯಲು ಹೋಗಿ, ಹತ್ತು ಮಾರು ದೂರಕ್ಕೂ ಕಾಣುವ ಚುಕ್ಕೆಗಳನ್ನು ಸಂಪಾದಿಸಿಕೊಂಡ ತೋಳುಗಳೇ ತನ್ನ ಹತ್ತಿರ ಹೆಚ್ಚು ಬರುತ್ತವೆ ಎಂದಿದ್ದಳು ನಮ್ಮ ಹುಡುಗಿ. ಕಲ್ಲುಪ್ಪು, ಗಟ್ಟಿ ನಾರು, ಉಗುರಿನಲ್ಲಿ ಚಿವುಟುವುದು, ಅವಸರದ ಪೀಲು, ಪೀಲಾದ ಮೇಲೆ ಸನ್‌ಸ್ಕ್ರೀನ್ ಇಲ್ಲದೆ ಸ್ಕೂಟರಿನಲ್ಲಿ ಲಗ್ನಪತ್ರಿಕೆ ಹಂಚಲು ಹೊರಡುವುದು, ಎಲ್ಲಕ್ಕೂ ಫಲ ಅದೇ. ಪೀಲಾದ ವಾರದೊಳಗೆ ಅರಿಶಿನ ಶಾಸ್ತ್ರ ಇಟ್ಟುಕೊಂಡರಂತೂ ಹೆಣ್ಣಿನ ಕಣ್ಣಲ್ಲಿ ನೀರು ಬರುತ್ತದೆ. ನೆಂಟರು ತವರು ಬಿಡುವ ಸಂಕಟ ಅಂದುಕೊಳ್ಳುತ್ತಾರೆ.

"ಎಲ್ಲ ಬೇಡ ಬೇಡ ಅಂತೀಯಲ್ಲ. ಬೇಕಾದ್ದೇನು ಹೇಳೇ ಮಹಾತಾಯಿ!"

"ಬೇಕಾದ್ದು ಸಣ್ಣದು ಅಕ್ಕ. ಹಂಡೆ ನೀರು ಸುಡುಸುಡು ಹುಯ್ಕೊಳ್ಳೋದು ನಿಲ್ಲಿಸಬೇಕು. ಉಗುರುಬೆಚ್ಚಗೆ, ಬೇಗ ಸ್ನಾನ. ಸೋಪು ಬೇಕಾದ ಕಡೆ ಮಾತ್ರ. ಟವಲಿನಲ್ಲಿ ಒತ್ತಿ ಒರೆಸ್ಕೊಂಡು, ಮೈ ಇನ್ನೂ ಪಸೆ ಇರೋವಾಗ್ಲೇ ಕ್ರೀಮ್ ಹಚ್ಚಬೇಕು. ಬಚ್ಚಲಿನ ಬಾಗಿಲು ದಾಟೋಕೆ ಮುಂಚೆನೇ. ಯೂರಿಯಾ ಇರೋ ಕ್ರೀಮ್ ಆದ್ರೆ ಒಳ್ಳೇದು."

"ಯೂರಿಯಾ? ಗದ್ದೆಗೆ ಹಾಕೋ ಯೂರಿಯಾನಾ?"

ಅಕ್ಕನ ತವರು ಮಂಡ್ಯದ ಕಡೆ. ನಾಲೆ ನೀರಿನ ಗದ್ದೆ, ಗೊಬ್ಬರದ ಮೂಟೆ ನೋಡಿ ಬೆಳೆದವರು. ಅವರ ಗಾಬರಿ ನ್ಯಾಯವಾದದ್ದೇ. ವಸ್ತು ಅದೇ. ನಮ್ಮ ಚರ್ಮದ ಮೇಲ್ಪದರದಲ್ಲೂ ಯೂರಿಯಾ ಸಹಜವಾಗಿಯೇ ಇರುತ್ತದೆ, ನೀರಿನಂಶವನ್ನು ಹಿಡಿದಿಡುವುದು ಅದರ ಕೆಲಸ. ಶೇ 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮು ಒಣಚರ್ಮಕ್ಕೆ ಪಸೆ ಕೊಡುತ್ತದೆ, ಜೊತೆಗೆ ಗಟ್ಟಿಯಾದ ಕೆರಾಟಿನ್ನನ್ನು ಮೆತ್ತಗೆ ಮಾಡಿ ಸಡಿಲಿಸುತ್ತದೆ. ಔಷಧದಂಗಡಿಯಲ್ಲಿ ಸಿಗುತ್ತದೆ. ಗೊಬ್ಬರದಂಗಡಿಗೆ ಹೋಗಬಾರದು ಅಷ್ಟೆ.

"ಲ್ಯಾಕ್ಟಿಕ್ ಆಸಿಡ್ ಇರೋದೂ ಆಗುತ್ತೆ, ಸ್ಯಾಲಿಸಿಲಿಕ್ ಇರೋದೂ ಆಗುತ್ತೆ. ಥಾಯ್ಲೆಂಡಿನ ಡಾಕ್ಟರುಗಳು ಎರಡನ್ನೂ 12 ವಾರ ಹಚ್ಚಿಸಿ ನೋಡಿ 2015ರಲ್ಲಿ ಬರೆದಿದಾರಂತೆ. ಶೇ 10ರ ಲ್ಯಾಕ್ಟಿಕ್ ಹಚ್ಚಿದ ಕಡೆ ಗುಳ್ಳೆ ಸರಾಸರಿ ಶೇ 66ರಷ್ಟು ಕಡಿಮೆ, ಶೇ 5ರ ಸ್ಯಾಲಿಸಿಲಿಕ್ ಹಚ್ಚಿದ ಕಡೆ ಶೇ 52."

"12 ವಾರ ಅಂದ್ರೆ ಮೂರು ತಿಂಗಳಾಯ್ತಲ್ಲೇ. ಮದುವೆಗೆ ಅಷ್ಟು ದಿನ ಎಲ್ಲಿದೆ?"

"ಶುರುಮಾಡಿದ್ರೆ ಮದುವೆ ಹೊತ್ತಿಗೆ ಒರಟು ಸ್ವಲ್ಪ ತಗ್ಗಿರುತ್ತೆ. ಪೂರ್ತಿ ಹೋಗಿರಲ್ಲ. ಪೂರ್ತಿ ಹೋಗಲಾಡಿಸ್ತೀನಿ ಅಂದೋರನ್ನ ನಂಬಬೇಡಿ. ನಿಲ್ಲಿಸಿದ್ರೆ ಮತ್ತೆ ಬರುತ್ತೆ, ಚಳಿಗಾಲಕ್ಕೆ ಜಾಸ್ತಿಯಾಗುತ್ತೆ, ಮಳೆಗಾಲಕ್ಕೆ ಕಡಿಮೆಯಾಗುತ್ತೆ. 30 ದಾಟಿದ ಮೇಲೆ ಬಹಳ ಜನಕ್ಕೆ ತಾನೇ ತಗ್ಗುತ್ತೆ. ಅಷ್ಟರ ಮೇಲೂ ಪೀಲ್ ಬೇಕೇಬೇಕು ಅಂದ್ರೆ, ಮದುವೆ ಎಲ್ಲ ಮುಗಿಸ್ಕೊಂಡು ನಿಧಾನಕ್ಕೆ ಚರ್ಮದ ಡಾಕ್ಟರ ಹತ್ರ ಹೋಗ್ಲಿ. ಸರ್ಕಾರಿ ಆಸ್ಪತ್ರೇಲೂ ಚರ್ಮದ ವಿಭಾಗ ಇದೆ. ಮುಹೂರ್ತ ಇಟ್ಕೊಂಡು ತೋಳಿನ ಮೇಲೆ ಹೊಸ ಪ್ರಯೋಗ ಮಾತ್ರ ಬೇಡ."

ಪುಟ್ಟಿ ಬಾಯಿ ಮುಕ್ಕಳಿಸಿ ಬಂದು, "ಅಮ್ಮಾ, ಹಾಗಾದ್ರೆ ಇವತ್ತಿಂದ ಕಲ್ಲುಪ್ಪು ಬಂದ್" ಎಂದು ಘೋಷಿಸಿ ಒಳಗೆ ಓಡಿದಳು. ಅಕ್ಕ ಅವಳು ಹೋದದ್ದನ್ನು ಖಾತ್ರಿ ಮಾಡಿಕೊಂಡು, ಕಾಂಪೌಂಡಿನ ಮೇಲೆ ಬಗ್ಗಿ ದನಿ ತಗ್ಗಿಸಿದರು.

"ನಿಂಗೊಂದು ಹೇಳ್ತೀನಿ, ಯಾರಿಗೂ ಹೇಳಬೇಡ. ನಿಶ್ಚಿತಾರ್ಥದ ದಿನ ಬೀಗಿತ್ತಿಗೆ ಮಡಿಲಕ್ಕಿ ಕೊಡುವಾಗ ಅವರ ತೋಳು ನನ್ನ ಕೈಗೆ ತಾಗ್ತು. ಅವರಿಗೆ ಚಳಿಗೆ ಮೈ ಜುಮ್ಮೆಂದಿದೆ ಅಂದ್ಕೊಂಡೆ. ಈಗ ಗೊತ್ತಾಯ್ತು. ಅವರದ್ದೂ ತರಿತರೀನೇ!"

"ಹಾಗಾದ್ರೆ ಹುಡುಗನಿಗೂ ಇರಬಹುದು ಅಕ್ಕ. ಅಪ್ಪ ಅಮ್ಮ ಒಬ್ಬರಿಗಿದ್ರೂ ಮಕ್ಕಳಿಗೆ ಬರಬಹುದು."

"ಇರ್ಲಿ ಬಿಡೇ, ಒಳ್ಳೇದೇ ಆಯ್ತು. ನಾಳೆ ಮೊಮ್ಮಗುವಿನ ತೋಳು ಒರಟಾಗಿದೆ, ಇದು ನಿಮ್ಮ ಕಡೆದು ಅಂತ ಯಾರೂ ನಮ್ಮನ್ನ ಅನ್ನೋ ಹಾಗಿಲ್ಲ." ಅಕ್ಕನ ಮುಖದಲ್ಲಿ ಯಾವ ಪಾಲಿಶಿಂಗೂ ತರಲಾರದ ಹೊಳಪು ಬಂತು. ಆದರೆ ಮರುಕ್ಷಣವೇ ಹುಬ್ಬು ಗಂಟಾಯಿತು. "ಅಲ್ವೇ, ಆ ಅಡ್ವಾನ್ಸ್ ವಾಪಸ್ ಕೊಡ್ತಾರೇನೇ?"

"ರಸೀತಿ ಹಿಂದೆ ಏನು ಬರೆದಿದೆ ನೋಡಿ."

ಅಕ್ಕ ಒಳಗೆ ಹೋಗಿ ರಸೀತಿ ತಂದರು. ಭೂತಗನ್ನಡಿ ಮತ್ತೆ ಕೆಲಸಕ್ಕೆ ಬಂತು. ಕಟ್ಟಿದ ಹಣ ಹಿಂತಿರುಗಿಸುವುದಿಲ್ಲ, ಬೇರೆ ಸೇವೆಗೆ ಬಳಸಿಕೊಳ್ಳಬಹುದು ಎಂದು ಇರುವೆ ಗಾತ್ರದ ಅಕ್ಷರದಲ್ಲಿತ್ತು.

"ಸರಿ, ನಾನೇ ಪೆಡಿಕ್ಯೂರ್ ಮಾಡಿಸ್ಕೋತೀನಿ. ಈ ಚಳಿಗೆ ಹಿಮ್ಮಡಿ ಹೆಂಗೆ ಒಡೆದಿದೆ ನೋಡು. ಹಿಮ್ಮಡೀಲಾದ್ರೂ ಉಜ್ಜಬಹುದು ತಾನೆ?"

"ಬೇರೆಯವರಾದ್ರೆ ಮೆತ್ತಗೆ ಉಜ್ಜಿಸ್ಕೋಬಹುದು. ನಿಮಗೆ ಶುಗರ್ ಇದೆ ಅಕ್ಕ. ಪಾದ ಕೆರೆಸಿ ಗಾಯ ಆದ್ರೆ ನಿಮಗೆ ಗೊತ್ತೂ ಆಗಲ್ಲ, ಬೇಗ ಮಾಯೋದೂ ಇಲ್ಲ. ನೀವೂ ಆ ಕ್ರೀಮೇ ಹಚ್ಕೊಳ್ಳಿ."

ಅಕ್ಕ ನನ್ನನ್ನೊಮ್ಮೆ, ರಸೀತಿಯನ್ನೊಮ್ಮೆ ನೋಡಿದರು. ಆಮೇಲೆ ವರಾಂಡದ ಈಸಿಚೇರಿನಲ್ಲಿ, ಕಾಲಮೇಲೆ ಕಾಲು ಹಾಕಿ, ಲೋಕದ ಪರಿವೆಯಿಲ್ಲದೆ ಪೇಪರ್ ಓದುತ್ತಿದ್ದ ತಮ್ಮ ಯಜಮಾನರ ಕಡೆಗೆ ದೃಷ್ಟಿ ಹರಿಸಿ, ರಸೀತಿಯನ್ನು ನೀಟಾಗಿ ಮಡಿಸಿದರು.

"ಇವರನ್ನ ಕಳಿಸ್ತೀನಿ. ದುಡ್ಡು ಕೊಟ್ಟಾಗಿದೆ ಅಂದ್ಮೇಲೆ ಮನೇಲಿ ಯಾರಾದ್ರೂ ಒಬ್ಬರು ಉಜ್ಜಿಸ್ಕೊಳ್ಳಲೇಬೇಕಲ್ವೇನೇ!"